ಕಾರಿನ ತುಕ್ಕು: ಮೈಸೂರು–ಮಂಡ್ಯ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಕಡೆ ಹಿಮ ಬೀಳಲ್ಲ, ರಸ್ತೆಗೆ ಉಪ್ಪು ಸುರಿಯಲ್ಲ. ತುಕ್ಕಿಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕಾ?

ಕೆನಡಾದವರಷ್ಟು ಬೇಡ, ಮಂಗಳೂರಿನವರಷ್ಟೂ ಬೇಡ. ಮೈಸೂರಿಗೆ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ. ಕರಾವಳಿಯಲ್ಲಿ ಅದರ ನಾಲ್ಕು ಪಟ್ಟು, ಜೊತೆಗೆ ಕಡಲ ಗಾಳಿ. ಆದರೂ ಇಲ್ಲೇ ಓಡಿದ ಎಂಟು–ಹತ್ತು ವರ್ಷದ ಕಾರಿನ ರನ್ನಿಂಗ್ ಬೋರ್ಡ್ (ಬಾಗಿಲುಗಳ ಕೆಳಗೆ ಉದ್ದಕ್ಕೂ ಇರುವ ಟೊಳ್ಳು ತಗಡಿನ ಭಾಗ), ಬಾಗಿಲಿನ ಕೆಳ ಅಂಚು, ಸ್ಟೆಪ್ನಿ ಗುಂಡಿ ತುಕ್ಕು ತಿಂದಿರುವುದು ಅಪರೂಪವಲ್ಲ.

ಕಬ್ಬಿಣ, ಗಾಳಿ, ನೀರು ಒಂದೆಡೆ ಸೇರಿದರೆ ತುಕ್ಕು ಹಿಡಿಯುತ್ತದೆ. ಆ ನೀರಿಗೆ ಉಪ್ಪು ಬೆರೆತರೆ ಅದರಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ, ತುಕ್ಕಿನ ವೇಗ ಹಲವು ಪಟ್ಟು ಏರುತ್ತದೆ. ನಮ್ಮಲ್ಲಿ ಆ ಉಪ್ಪು ಬರುವುದು ಡಿಕ್ಕಿಯಲ್ಲಿ ಸಾಗಿಸುವ ಗೊಬ್ಬರದಿಂದ, ಗದ್ದೆ ಬಯಲಿನ ಕೆಸರಿನಿಂದ, ವರ್ಷಕ್ಕೊಂದೆರಡು ಸಲ ಹೋಗುವ ಗೋಕರ್ಣ, ಉಡುಪಿ ಪ್ರವಾಸದಿಂದ. ಮೇಲೆ ಬಿದ್ದು ಹರಿದುಹೋಗುವ ಮಳೆಯಿಂದ ಕಾರಿಗೆ ಅಂಥ ತೊಂದರೆ ಇಲ್ಲ. ಒಳಗೆ ಇಳಿದು, ಹೊರಗೆ ಹೋಗಲು ದಾರಿ ಕಾಣದೆ ವಾರಗಟ್ಟಲೆ ನಿಂತ ನೀರೇ ಇಲ್ಲಿನ ಹೆಚ್ಚಿನ ಕಾರುಗಳನ್ನು ತಿನ್ನುವುದು. ಹಾಗಾಗಿ ಕೋಟಿಂಗಿಗೆ ಹಣ ಕೊಡುವ ಮೊದಲು ನೀರು ಹೋಗುವ ತೂತುಗಳನ್ನು ನೋಡಿ.

ಡಿಸೆಂಬರ್–ಜನವರಿಯಲ್ಲಿ ಮಳೆ ಇರಲ್ಲ. ಆಗ ನಿಶ್ಚಿಂತೆ ಅಲ್ಲವೇ?

ಮಳೆ ಇರುವುದಿಲ್ಲ, ಇಬ್ಬನಿ ಇರುತ್ತದೆ. ಗಾಳಿಯ ತೇವಾಂಶ ಶೇ. 60 ದಾಟಿದರೆ ಬರಿ ಕಬ್ಬಿಣದ ಮೇಲೆ ತುಕ್ಕು ಚುರುಕಾಗುತ್ತದೆ. ಕನ್ನಂಬಾಡಿ ಹಿನ್ನೀರಿನ ಆಸುಪಾಸು, ವಿಶ್ವೇಶ್ವರಯ್ಯ ನಾಲೆಯ ಬಯಲು, ಶ್ರೀರಂಗಪಟ್ಟಣ, ಪಾಂಡವಪುರದ ಕಡೆ ಮಾರ್ಗಶಿರ–ಪುಷ್ಯದ ಬೆಳಗ್ಗೆ ಕಾರಿನ ಮೇಲೆ ನೀರು ಸುರಿದ ಹಾಗೆ ಇಬ್ಬನಿ ಕೂತಿರುತ್ತದೆ. ಕಾರಿನ ತಳಕ್ಕೆ ಬಿಸಿಲು ಬೀಳುವುದಿಲ್ಲವಾದ್ದರಿಂದ ಅಲ್ಲಿ ಮಧ್ಯಾಹ್ನದವರೆಗೂ ತೇವ ಆರುವುದಿಲ್ಲ. ಹಿಂದಿನ ಮಳೆಗಾಲದ ಕೆಸರು ಚಕ್ರದ ಕಮಾನಿನಲ್ಲಿ ಉಳಿದಿದ್ದರೆ ಅದು ದಿನಾ ಇಬ್ಬನಿ ಕುಡಿದು ಹಸಿಯಾಗೇ ಇರುತ್ತದೆ.

ಅದಕ್ಕೇ ಹಿಂಗಾರು ಮುಗಿದ ಮೇಲೆ, ಅಂದರೆ ನವೆಂಬರ್ ಕೊನೆಗೆ, ತಳವನ್ನು ಒಂದು ಸಲ ಚೆನ್ನಾಗಿ ತೊಳೆಸಿ. ವರ್ಷಕ್ಕೆ ಒಂದೇ ಸಲ ತೊಳೆಸುವವರಿಗೂ ಇದೇ ಸರಿಯಾದ ಹೊತ್ತು. ಇನ್ನೊಂದು ಮಾತು: ಧೂಳಿನ ಮೇಲೆ ಕೂತ ಇಬ್ಬನಿಯನ್ನು ಒಣ ಬಟ್ಟೆಯಲ್ಲಿ ಒರೆಸಬೇಡಿ, ಪೇಂಟಿನ ಮೇಲೆ ಗೀರು ಬೀಳುತ್ತದೆ. ಗಾಜು ಮಾತ್ರ ಒರೆಸಿಕೊಂಡು ಹೊರಡಿ.

ತುಕ್ಕು ಎಲ್ಲಿ ಶುರುವಾಗುತ್ತದೆ? ಎಲ್ಲೆಲ್ಲಿ ನೋಡಬೇಕು?

ಹಿಂದಿನ ಚಕ್ರದ ಕಮಾನಿನ ಒಳಮಡಿಕೆಯಿಂದ ಶುರುಮಾಡಿ. ಬೆರಳು ಹಾಕಿ ಸವರಿದರೆ ಮಣ್ಣಿನ ಪದರ ಸಿಗುತ್ತದೆ, ಅದರ ಕೆಳಗೇ ತುಕ್ಕು. ಆಮೇಲೆ ನಾಲ್ಕೂ ಬಾಗಿಲಿನ ಕೆಳ ಅಂಚು, ಹೊರಗಿನಿಂದ ಅಲ್ಲ, ಬಾಗಿಲು ತೆಗೆದು ರಬ್ಬರ್ ಬೀಡಿಂಗ್ ಸರಿಸಿ ನೋಡಬೇಕು. ಜ್ಯಾಕ್ ಕೊಡುವ ಜಾಗದಲ್ಲಿ ಪೇಂಟ್ ಒಡೆದೇ ಇರುತ್ತದೆ. ಡಿಕ್ಕಿಯ ಕಾರ್ಪೆಟ್ ಎತ್ತಿ, ಸ್ಟೆಪ್ನಿ ತೆಗೆದು ಗುಂಡಿ ನೋಡಿ. ಟೈಲ್ ಲ್ಯಾಂಪಿನ ಗ್ಯಾಸ್ಕೆಟ್ ಸೋತರೆ ನೀರು ಸದ್ದಿಲ್ಲದೆ ಅಲ್ಲಿಗೇ ಇಳಿಯುತ್ತದೆ. ಬಾನೆಟ್ಟಿನ ಮುಂದಿನ ಅಂಚು, ಬ್ಯಾಟರಿ ತಟ್ಟೆ, ಗಾಜಿನ ಸುತ್ತಲಿನ ರಬ್ಬರ್, ಹೊರಗಿನಿಂದ ಹಾಕಿಸಿದ ಬಿಡಿಭಾಗಗಳ ಸ್ಕ್ರೂ ತೂತು ಇವಿಷ್ಟನ್ನೂ ಬಿಡಬೇಡಿ. ಮಡ್‌ಫ್ಲಾಪ್, ಕ್ಯಾರಿಯರ್, ರಿವರ್ಸ್ ಕ್ಯಾಮೆರಾ ಯಾವುದಕ್ಕೇ ಡ್ರಿಲ್ ಹೊಡೆದರೂ ಆ ತೂತಿನ ಅಂಚು ಬರಿ ಕಬ್ಬಿಣ. ಹಾಕುವವರ ಎದುರು ನಿಂತು, ಸ್ಕ್ರೂ ಬಿಗಿಯುವ ಮುನ್ನ ಒಂದು ತೊಟ್ಟು ಪ್ರೈಮರ್ ಹಚ್ಚಿಸಿ, ಗ್ರೀಸ್ ಸವರಿಸಿ.

ನೀರು ಹೋಗುವ ತೂತುಗಳು ಎಂದಿರಲ್ಲ, ಅವು ಎಲ್ಲಿರುತ್ತವೆ? ನಾವೇ ಶುಚಿ ಮಾಡಬಹುದಾ?

ಮಾಡಬಹುದು, ಅರ್ಧ ಗಂಟೆ ಸಾಕು. ಬಾಗಿಲಿನ ಗಾಜು ಇಳಿಯುವ ಸಂದಿಯಿಂದ ಮಳೆನೀರು ಬಾಗಿಲೊಳಗೆ ಹೋಗುವುದು ಸಹಜ. ಕಾರು ಮಾಡುವವರು ಅದಕ್ಕೆಂದೇ ಪ್ರತಿ ಬಾಗಿಲಿನ ತಳದಲ್ಲಿ ಎರಡು, ಮೂರು ಸೀಳು ಬಿಟ್ಟಿರುತ್ತಾರೆ. ಧೂಳು, ಪಾಲಿಶ್ ಮೆತ್ತಿಕೊಂಡು ಇವು ಮುಚ್ಚುತ್ತವೆ. ಬಾಗಿಲು ಅಲ್ಲಾಡಿಸಿದಾಗ ಒಳಗೆ ನೀರು ಕುಲುಕುವ ಸದ್ದು ಬಂದರೆ ಮುಚ್ಚಿಕೊಂಡಿವೆ ಎಂದೇ ಅರ್ಥ. ತಂತಿ, ಸ್ಕ್ರೂಡ್ರೈವರ್ ತೂರಿಸಬೇಡಿ, ಅಂಚಿನ ಪೇಂಟ್ ಕೀಳುತ್ತದೆ. ತೆಂಗಿನ ಪೊರಕೆಯ ಒಂದು ಕಡ್ಡಿ ಅಥವಾ ಪ್ಲಾಸ್ಟಿಕ್ ಕೇಬಲ್ ಟೈ ಬಳಸಿ. ಆಮೇಲೆ ಗಾಜಿನ ಸಂದಿಯಲ್ಲಿ ಅರ್ಧ ಲೀಟರ್ ನೀರು ನಿಧಾನಕ್ಕೆ ಬಿಟ್ಟು, ಅಷ್ಟೂ ಕೆಳಗೆ ಸುರಿಯುತ್ತದೆಯೇ ನೋಡಿ.

ರನ್ನಿಂಗ್ ಬೋರ್ಡಿನ ತಳದಲ್ಲೂ ಇಂಥ ತೂತುಗಳಿವೆ. ಕೆಲವಕ್ಕೆ ರಬ್ಬರ್ ಬಿರಡೆ ಇರುತ್ತದೆ; ಅದು ಕಂಪನಿಯದು, ಕೀಳಬೇಡಿ.

ಮೈಸೂರಿನವರು ಹೆಚ್ಚು ಗಮನ ಕೊಡಬೇಕಾದದ್ದು ವೈಪರ್ ಬುಡದ ಜಾಲರಿ. ಗುಲ್‌ಮೊಹರ್, ಮಳೆಮರದ ಎಲೆಗಳು ಚಿಕ್ಕವು, ಜಾಲರಿಯಲ್ಲಿ ಸಲೀಸಾಗಿ ನುಸುಳಿ ಒಳಗಿನ ತೊಟ್ಟಿಯಲ್ಲಿ ಕೊಳೆತು ಕೆಸರಾಗುತ್ತವೆ. ತೊಟ್ಟಿಯ ಎರಡು ತುದಿಯಲ್ಲಿ ನೀರಿಳಿಯುವ ಕಿಂಡಿ ಕಟ್ಟಿಕೊಂಡರೆ ಮೇ ತಿಂಗಳ ಮೊದಲ ಗುಡುಗು ಮಳೆಗೇ ನೀರು ಬ್ಲೋಯರ್ ದಾರಿಯಲ್ಲಿ ಕಾರಿನೊಳಗೆ ಬರುತ್ತದೆ. ಮರದಡಿ ನಿಲ್ಲಿಸುವವರು ತಿಂಗಳಿಗೊಮ್ಮೆ ಬಾನೆಟ್ ಎತ್ತಿ, ಎರಡೂ ಮೂಲೆಯ ಎಲೆಗಳನ್ನು ಕೈಯಲ್ಲೇ ತೆಗೆದು ಒಂದು ಮಗ್ ನೀರು ಬಿಟ್ಟು ನೋಡಿ. ಸನ್‌ರೂಫ್ ಇದ್ದರೆ ಅದರ ನಾಲ್ಕು ಮೂಲೆಯ ಸಣ್ಣ ಪೈಪುಗಳಿಗೂ ಇದೇ ಪಾಡು. ಅಲ್ಲಿ ಜೋರು ಗಾಳಿ ಹೊಡೆದರೆ ಪೈಪು ಒಳಗೇ ಕಳಚಿಕೊಳ್ಳುತ್ತದೆ, ಆದ್ದರಿಂದ ನೀರು ಬಿಟ್ಟು ಪರೀಕ್ಷಿಸುವುದಷ್ಟೇ ನಿಮ್ಮ ಕೆಲಸ, ಉಳಿದದ್ದು ಸರ್ವಿಸಿನವರಿಗೆ.

ಕಾರಿನೊಳಗೆ ಮುಗ್ಗಲು ವಾಸನೆ. ಇದಕ್ಕೂ ತುಕ್ಕಿಗೂ ಸಂಬಂಧ ಉಂಟಾ?

ನೇರ ಸಂಬಂಧ ಉಂಟು. ತುಕ್ಕು ಕೆಳಗಿನಿಂದ ಮೇಲೆ ಬರುತ್ತದೆ ಅಂದುಕೊಳ್ಳುತ್ತೇವೆ. ನೆಲದ ತಗಡು ಅನೇಕ ಸಲ ಒಳಗಿನಿಂದಲೇ ಹೋಗಿರುತ್ತದೆ. ಮುಂದಿನ ಸೀಟಿನ ಕಾಲ ಕೆಳಗೆ ಕಾರ್ಪೆಟ್ ಒತ್ತಿ ನೋಡಿ. ಹಸಿ ಇದ್ದರೆ ಮೊದಲ ಅನುಮಾನ ಎ.ಸಿ. ನೀರು ಹೋಗುವ ಪೈಪಿನ ಮೇಲೆ. ಎ.ಸಿ. ಹಾಕಿ ಹತ್ತು ನಿಮಿಷ ನಿಂತರೂ ಕಾರಿನ ಕೆಳಗೆ ನೀರು ತೊಟ್ಟಿಕ್ಕದಿದ್ದರೆ ಪೈಪು ಕಟ್ಟಿರಬಹುದು. ಸರ್ವಿಸಿನಲ್ಲಿ ಐದು ನಿಮಿಷದ ಕೆಲಸ ಅದು.

ನೆಲವನ್ನು ಅಂಚಿನವರೆಗೂ ಮುಚ್ಚುವ ಈಗಿನ ಸೆವೆನ್ ಡಿ ಮ್ಯಾಟ್‌ಗಳ ಬಗ್ಗೆ ನಮಗೆ ಒಳ್ಳೆಯ ಅಭಿಪ್ರಾಯವಿಲ್ಲ. ಮೇಲಿನ ನೀರನ್ನು ತಡೆಯುತ್ತವೆ ನಿಜ, ಆದರೆ ಅಡಿಗೆ ಸೇರಿದ ತೇವಕ್ಕೆ ಹೊರಬರಲು ದಾರಿಯೇ ಇರುವುದಿಲ್ಲ. ಹಾಕಿಸಿದ್ದರೆ ಮಳೆಗಾಲ ಮುಗಿದ ಮೇಲೆ ಒಮ್ಮೆ ಎತ್ತಿಸಿ ನೋಡಿ. ಕಾರ್ಪೆಟ್ ಕೆಳಗಿನ ಸ್ಪಂಜು ನೆನೆದಿದ್ದರೆ ಬಾಗಿಲು ತೆರೆದಿಟ್ಟು ಮೇಲ್ಮೈ ಒಣಗಿಸಿದರೆ ಸಾಲದು. ಸೀಟು ಬಿಚ್ಚಿ, ಕಾರ್ಪೆಟ್ ಹೊರತೆಗೆದು ಎರಡು ಬಿಸಿಲು ಕೊಡಬೇಕು.

ಡಿಕ್ಕಿಯಲ್ಲಿ ಗೊಬ್ಬರದ ಮೂಟೆ, ಬೆಲ್ಲ, ಮೀನು ತರುತ್ತೇವೆ. ಏನಾಗುತ್ತದೆ?

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಕಾರುಗಳ ಡಿಕ್ಕಿ ನೆಲ ಹೋಗಿರುವುದಕ್ಕೆ ಇದೊಂದು ದೊಡ್ಡ ಕಾರಣ. ಪೊಟ್ಯಾಷ್ ಎಂದು ಕೊಳ್ಳುವ ಕೆಂಪು ಗೊಬ್ಬರ ಪೊಟ್ಯಾಸಿಯಂ ಕ್ಲೋರೈಡ್. ಅದರ ತೂಕದ ಅರ್ಧಕ್ಕೆ ಹತ್ತಿರ ಕ್ಲೋರೈಡ್. ಹೊರದೇಶಗಳಲ್ಲಿ ಹಿಮ ಕರಗಿಸಲು ಚೆಲ್ಲುವ ಉಪ್ಪಿನ ಖಾಸಾ ದಾಯಾದಿ. ಯೂರಿಯಾ ಗಾಳಿಯ ತೇವ ಎಳೆದುಕೊಂಡು ತಾನೇ ನೀರಾಗುತ್ತದೆ. ಮೂಟೆಯ ಹೊಲಿಗೆಯಿಂದ ಉದುರಿದ ಒಂದು ಹಿಡಿ ಕಾರ್ಪೆಟ್ ಕೆಳಗೆ ಸೇರಿದರೆ ಬೇಸಿಗೆಯಲ್ಲಿ ಸುಮ್ಮನಿದ್ದು ಮಳೆಗಾಲದಲ್ಲಿ ಕೆಲಸ ಶುರುಮಾಡುತ್ತದೆ.

ಮೂಟೆಯ ಕೆಳಗೆ ದಪ್ಪ ಟಾರ್ಪಾಲ್ ಹಾಸಿ, ಅಂಚು ನಾಲ್ಕು ಬೆರಳಷ್ಟು ಮೇಲೆ ಮಡಚಿರಲಿ. ಇಳಿಸಿದ ದಿನವೇ ಕಾರ್ಪೆಟ್ ತೆಗೆದು ಮೊದಲು ಒಣ ಬ್ರಷ್ ಅಥವಾ ವ್ಯಾಕ್ಯೂಮ್, ಆಮೇಲೆ ಒದ್ದೆ ಬಟ್ಟೆಯಲ್ಲಿ ಎರಡು ಸಲ ಒರೆಸಿ. ಮೊದಲೇ ನೀರು ಹಾಕಿದರೆ ಗೊಬ್ಬರ ಕರಗಿ ಸಂದಿಗಿಳಿಯುತ್ತದೆ. ಮೀನಿನ ಐಸ್ ಪೆಟ್ಟಿಗೆಯ ನೀರಿನಲ್ಲೂ ಉಪ್ಪಿರುತ್ತದೆ, ಅದಕ್ಕೂ ಇದೇ ಕ್ರಮ. ಆಲೆಮನೆಯ ಬೆಲ್ಲ, ಜೋನಿಬೆಲ್ಲ ಚೆಲ್ಲಿದರೆ ಬಿಸಿನೀರಿನಲ್ಲಿ ಒರೆಸಿ. ಅದು ಹುಳಿಯಾಗಿ ಆಮ್ಲ ಬಿಡುತ್ತದೆ, ತೇವವನ್ನೂ ಹಿಡಿದಿಡುತ್ತದೆ.

ಕಾಕಂಬಿಯಲ್ಲಿ ನೆನೆಸಿದರೆ ತುಕ್ಕು ಬಿಡುತ್ತದೆ ಅಂತಾರೆ. ನಿಜವಾ?

ನಿಜ. 1 ಪಾಲು ಕಾಕಂಬಿಗೆ 9 ಪಾಲು ನೀರು ಬೆರೆಸಿ, ಬಿಚ್ಚಿದ ಕಬ್ಬಿಣದ ಭಾಗವನ್ನು ಒಂದೆರಡು ವಾರ ಮುಳುಗಿಸಿಟ್ಟರೆ ತುಕ್ಕು ಕರಗುತ್ತದೆ. ಹಳೇ ಬ್ರಾಕೆಟ್, ಬೋಲ್ಟ್‌ಗೆ ಒಳ್ಳೆಯ ಅಗ್ಗದ ದಾರಿ. ಅಲ್ಯೂಮಿನಿಯಂ ಭಾಗ ಹಾಕಬೇಡಿ, ಹಾಳಾಗುತ್ತದೆ. ವಾಸನೆ ಹೆಚ್ಚು, ಹಾಗಾಗಿ ಮನೆಯಿಂದ ದೂರ ಇಡಿ. ಕಾರಿನ ಮೈಗೆ ಇದನ್ನು ಹಚ್ಚುವ ಮಾತೇ ಬೇಡ.

ಕರಾವಳಿಗೆ ಹೋಗಿ ಬಂದ ಮೇಲೆ ಏನು ಮಾಡಬೇಕು?

ಬಂದ ಮಾರನೆಯ ದಿನವೇ ತಳ ತೊಳೆಸಿ. ಸಮುದ್ರದ ನೀರಿನ ಪ್ರತಿ ಲೀಟರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಮರಳಿನ ಮೇಲೆ ಗಾಡಿ ಓಡಿಸಿದ್ದರೆ ಒದ್ದೆ ಮರಳು ಬ್ರೇಕ್ ಡ್ರಮ್ಮಿನವರೆಗೂ ಹೋಗಿರುತ್ತದೆ. ಸಂಪಾಜೆ ಘಾಟಿಯಲ್ಲಿ ಮಳೆ ಸಿಕ್ಕಿತು, ಎಲ್ಲ ತೊಳೆದುಹೋಯಿತು ಎಂದು ಬಿಡಬೇಡಿ. ರಸ್ತೆ ನೀರು ಕೆಸರನ್ನೂ ಎರಚುತ್ತದೆ, ಉಪ್ಪನ್ನು ಮಡಿಕೆಗಳ ಒಳಕ್ಕೆ ತಳ್ಳುತ್ತದೆ.

ಲಿಫ್ಟ್ ಇರುವ ವಾಟರ್ ಸರ್ವಿಸಿನಲ್ಲಿ ಬರೀ ನೀರಿನಿಂದ ಹತ್ತು–ಹದಿನೈದು ನಿಮಿಷ ತೊಳೆಸಬೇಕು. ನಾಲ್ಕು ಚಕ್ರದ ಕಮಾನು, ರನ್ನಿಂಗ್ ಬೋರ್ಡಿನ ಒಳಮೈ, ಹಿಂದಿನ ಆಕ್ಸಲ್, ಬಂಪರಿನ ಹಿಂಬದಿ ಬಿಡಬಾರದು. ಉಪ್ಪು ನೀರಿನಲ್ಲಿ ಕರಗುವ ವಸ್ತು, ಆದ್ದರಿಂದ ರಭಸಕ್ಕಿಂತ ಧಾರಾಳವಾಗಿ ನೀರು ಬಿಡುವುದು ಮುಖ್ಯ. ಮುಗಿದ ಮೇಲೆ ಹತ್ತು ಕಿಲೋಮೀಟರ್ ಓಡಿಸಿ, ಬ್ರೇಕ್ ನಾಲ್ಕೈದು ಸಲ ಮೆಲ್ಲಗೆ ಒತ್ತಿ ಒಣಗಿಸಿ.

ತೊಳೆಯುವಾಗ ಡೀಸೆಲ್ ಸ್ಪ್ರೇ ಮಾಡುತ್ತಾರೆ. ಕೆಲವರು ಸುಟ್ಟ ಆಯಿಲ್ ಹೊಡೆಸುತ್ತಾರೆ. ಒಳ್ಳೆಯದಾ?

ಎರಡೂ ಬೇಡ. ಹಳೆಯ ಲಾರಿ, ಟ್ರ್ಯಾಕ್ಟರುಗಳ ಕಾಲದ ಅಭ್ಯಾಸ ಇದು. ಡೀಸೆಲ್ ಎರಡು ದಿನ ಹೊಳಪು ಕೊಟ್ಟು ಹಾರಿಹೋಗುತ್ತದೆ, ಅಷ್ಟರಲ್ಲಿ ಸಸ್ಪೆನ್ಷನ್ ಬುಷ್, ಆಕ್ಸಲ್ ಬೂಟ್‌ಗಳ ರಬ್ಬರನ್ನು ಉಬ್ಬಿಸಿರುತ್ತದೆ. ಸುಟ್ಟ ಆಯಿಲ್‌ನಲ್ಲಿ ಇಂಜಿನ್ನಿನಿಂದ ಬಂದ ಆಮ್ಲ, ಮಸಿ, ಲೋಹದ ಪುಡಿ ಬೆರೆತಿರುತ್ತದೆ. ಧೂಳು ಹಿಡಿದು ಗಟ್ಟಿ ಪದರವಾಗುತ್ತದೆ, ಬ್ರೇಕ್ ಮೇಲೆ ಬಿದ್ದರೆ ಗಾಡಿ ನಿಲ್ಲುವುದಿಲ್ಲ, ಬಿಸಿ ಸೈಲೆನ್ಸರಿನ ಮೇಲೆ ಬಿದ್ದರೆ ಹೊಗೆಯಾಡುತ್ತದೆ. ಬಳಸಿದ ಆಯಿಲ್ 2016ರ ನಿಯಮಗಳಂತೆ ಅಪಾಯಕಾರಿ ತ್ಯಾಜ್ಯ. ಅಂಗಳದಲ್ಲಿ ತೊಟ್ಟಿಕ್ಕಿ ಮಣ್ಣಿಗಿಳಿದರೆ ಕೊನೆಗೆ ಬೋರಿನ ನೀರಿಗೇ ಹೋಗುತ್ತದೆ. ವಾಟರ್ ಸರ್ವಿಸಿನಲ್ಲಿ ಗಾಡಿ ಬಿಡುವಾಗಲೇ "ಡೀಸೆಲ್ ಹೊಡೀಬೇಡಿ" ಅಂತ ಹೇಳಿ, ಇಲ್ಲದಿದ್ದರೆ ಕೇಳದೆ ಹೊಡೆದುಬಿಡುತ್ತಾರೆ.

ನಾಲೆಗೆ, ಹೊಳೆಗೆ ಇಳಿಸಿ ತೊಳೆಯಬಹುದಾ?

ಬೇಡ. ಓಡಿ ಬಂದ ಬಿಸಿ ಗಾಡಿಯನ್ನು ತಣ್ಣೀರಿಗೆ ಇಳಿಸಿದರೆ ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಒಳಗಿನ ಗಾಳಿ ಕುಗ್ಗಿ, ಬ್ರೀದರ್ (ಗಾಳಿಯಾಡಲು ಬಿಟ್ಟ ಸಣ್ಣ ಕಿಂಡಿ) ಮೂಲಕ ನೀರು ಒಳಗೆ ಎಳೆದುಕೊಳ್ಳುತ್ತದೆ. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗುತ್ತದೆ, ಬೇರಿಂಗ್ ಹೋಗುತ್ತದೆ.

ಹೊಸ ಕಾರಿಗೆ ಅಂಡರ್‌ಬಾಡಿ ಕೋಟಿಂಗ್ ಹಾಕಿಸಲೇಬೇಕು ಅಂತ ಷೋರೂಮಿನವರು ಹೇಳುತ್ತಾರೆ. ಹಾಕಿಸಬೇಕಾ?

"ಲೇಬೇಕು" ಎಂಬುದೇನಿಲ್ಲ. ಈಗಿನ ಕಾರಿನ ಬಾಡಿಯನ್ನು ಕಾರ್ಖಾನೆಯಲ್ಲೇ ಪ್ರೈಮರ್ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ತಿನಿಂದ ಮೂಲೆಮೂಲೆಗೂ ಕೂರಿಸಿರುತ್ತಾರೆ. ಅನೇಕ ತಗಡುಗಳಿಗೆ ಸತುವಿನ ಲೇಪವಿರುತ್ತದೆ, ಬೆಸುಗೆ ಸಂದಿಗಳಿಗೆ ಸೀಲೆಂಟ್ ಹಾಕಿರುತ್ತಾರೆ. ಮೈಸೂರಿನೊಳಗೇ ಕುವೆಂಪುನಗರದಿಂದ ಹೆಬ್ಬಾಳಿಗೆ ಹೋಗಿಬರುವ ಕಾರಿಗೆ ಇಷ್ಟು ಸಾಕು. ತೋಟದ ಮಣ್ಣುದಾರಿ, ಜಲ್ಲಿ ರಸ್ತೆ, ಮಡಿಕೇರಿ, ಮಂಗಳೂರಿನ ಓಡಾಟ ಹೆಚ್ಚಿದ್ದರೆ ಹಾಕಿಸಿ, ಷೋರೂಮಿನಲ್ಲೇ ಆಗಬೇಕೆಂದಿಲ್ಲ.

ಕರಿ ಬಿಟುಮೆನ್–ರಬ್ಬರ್ ಕೋಟಿಂಗ್ ಅಗ್ಗ, ಕಲ್ಲಿನ ಏಟು ತಡೆಯುತ್ತದೆ, ಸದ್ದೂ ಸ್ವಲ್ಪ ತಗ್ಗುತ್ತದೆ. ಅದರ ದೋಷ ತಿಳಿಯುವುದು ಕೆಲವು ವರ್ಷದ ಮೇಲೆ: ಒಣಗಿ ಬಿರುಕು ಬಿಟ್ಟು ಅಂಚು ಎದ್ದರೆ ನೀರು ಅದರಡಿಗೆ ಹೋಗಿ ಕೂರುತ್ತದೆ, ಮೇಲೆ ನೋಡಿದರೆ ಎಲ್ಲ ಸರಿ ಇದ್ದಂತೆ ಕಾಣುತ್ತದೆ. ವ್ಯಾಕ್ಸ್ ಆಧಾರಿತ ಕೋಟಿಂಗ್ ಮೆದುವಾಗೇ ಉಳಿದು ಸಣ್ಣ ಬಿರುಕನ್ನು ತಾನೇ ಮುಚ್ಚಿಕೊಳ್ಳುತ್ತದೆ, ಆದರೆ ಕಲ್ಲಿನ ಏಟಿಗೆ ಬೇಗ ಸವೆಯುತ್ತದೆ, ಎರಡು–ಮೂರು ವರ್ಷಕ್ಕೊಮ್ಮೆ ಮೇಲೊಂದು ಕೈ ಬೇಕು. ಚಕ್ರದ ಕಮಾನಿಗೆ ಮೊದಲನೆಯದು, ಉಳಿದ ತಳಕ್ಕೆ ಎರಡನೆಯದು ಎಂಬುದು ನಮ್ಮ ಆಯ್ಕೆ. ಬಾಗಿಲು, ರನ್ನಿಂಗ್ ಬೋರ್ಡಿನ ಒಳಗೆ ಇವೆರಡೂ ಸಲ್ಲ. ಅಲ್ಲಿಗೆ ಉದ್ದ ಪೈಪಿನ ನಾಜಲ್ ಇರುವ ಕ್ಯಾವಿಟಿ ವ್ಯಾಕ್ಸ್. ಒಂದು ಕಾರಿಗೆ 500 ಮಿಲಿಲೀಟರಿನ ಎರಡು–ಮೂರು ಡಬ್ಬಿ ಹಿಡಿಯುತ್ತದೆ. ತಗಡಿಗೆ ಹೊಸ ತೂತು ಕೊರೆದು ಹೊಡೆಯಲು ಬಿಡಬೇಡಿ, ವಾರಂಟಿಗೆ ತೊಂದರೆ. ಇರುವ ತೂತುಗಳೇ ಸಾಕು.

ಕೋಟಿಂಗ್ ಸರಿಯಾಗಿ ಹಾಕಿದ್ದಾರೆ ಅಂತ ಹೇಗೆ ಗೊತ್ತಾಗುತ್ತದೆ?

"ಬೆಳಗ್ಗೆ ಬಿಡಿ, ಮಧ್ಯಾಹ್ನ ತಗೊಂಡು ಹೋಗಿ" ಎಂದವರ ಬಳಿ ಹಾಕಿಸಬೇಡಿ. ತೊಳೆದ ಮೇಲೆ ಮಡಿಕೆಗಳೊಳಗಿನ ನೀರು ಆರಲು ಒಂದು ಪೂರ್ತಿ ದಿನ ಬೇಕು. ಒದ್ದೆಯ ಮೇಲೆ ಹೊಡೆದರೆ ನೀರನ್ನು ಒಳಗೇ ಇಟ್ಟು ಮುಚ್ಚಿದಂತೆ, ಅದಕ್ಕಿಂತ ಹಾಕಿಸದಿರುವುದೇ ವಾಸಿ. ಫೆಬ್ರವರಿ–ಏಪ್ರಿಲ್ ಇದಕ್ಕೆ ಒಳ್ಳೆಯ ಕಾಲ.

ಚಕ್ರ ಮತ್ತು ಕಮಾನಿನೊಳಗಿನ ಪ್ಲಾಸ್ಟಿಕ್ ಲೈನರ್ ಬಿಚ್ಚಿರಬೇಕು. ಸಡಿಲ ತುಕ್ಕನ್ನು ವೈರ್ ಬ್ರಷ್‌ನಲ್ಲಿ ತೆಗೆದಿರಬೇಕು. ಸೈಲೆನ್ಸರ್, ಬ್ರೇಕ್ ಡಿಸ್ಕ್ ಮತ್ತು ಕ್ಯಾಲಿಪರ್, ಆಕ್ಸಲ್ ಶಾಫ್ಟ್, ರಬ್ಬರ್ ಬುಷ್, ಸೆನ್ಸರ್, ಅರ್ಥ್ ವೈರಿನ ಬೋಲ್ಟ್ ಇವನ್ನೆಲ್ಲ ಕಾಗದ, ಟೇಪಿನಿಂದ ಮುಚ್ಚಿರಬೇಕು. ಎರಡು ಕೈ, ನಡುವೆ ಅರ್ಧ ಗಂಟೆಯಿಂದ ಒಂದು ಗಂಟೆ. ಒಣಗಿದ ಮೇಲೆ ದಪ್ಪ ಅರ್ಧದಿಂದ ಒಂದು ಮಿಲಿಮೀಟರ್. ಸಣ್ಣ ಕಾರಿಗೇ 3ರಿಂದ 4 ಲೀಟರ್ ಬೇಕಾಗುತ್ತದೆ, ಹಾಗಾಗಿ ಒಂದು ಡಬ್ಬಿಯಲ್ಲಿ ಮುಗಿಸಿದರೆ ಬರೀ ಬಣ್ಣ ಬಳಿದಿದ್ದಾರೆ ಎಂದು ತಿಳಿಯಿರಿ. ಕೊನೆಗೆ, ನೀರು ಹೋಗುವ ತೂತುಗಳಲ್ಲಿ ಮತ್ತೆ ಕಡ್ಡಿ ಆಡಿಸಿ ನೋಡಲೇಬೇಕು. ಕೋಟಿಂಗ್ ಹಾಕಿಸಿಯೂ ಬಾಗಿಲು ತುಕ್ಕು ಹಿಡಿಯಿತು ಎನ್ನುವ ಅನೇಕ ದೂರುಗಳ ಮೂಲ ಇಲ್ಲಿದೆ.

ಸೆರಾಮಿಕ್, ಟೆಫ್ಲಾನ್ ಮಾಡಿಸಿದ್ದೇವೆ. ತುಕ್ಕು ತಡೆಯುತ್ತದಾ?

ಅವು ಪೇಂಟಿನ ಹೊಳಪಿಗೆ. ತಳಕ್ಕೂ ಬಾಗಿಲ ಒಳಗೂ ಅವುಗಳಿಂದ ಏನೂ ಇಲ್ಲ.

ಬ್ಯಾಟರಿಗೆ ಜೋಡಿಸುವ ತುಕ್ಕು ತಡೆಯುವ ಎಲೆಕ್ಟ್ರಾನಿಕ್ ಪೆಟ್ಟಿಗೆ?

ಹಡಗಿಗೆ, ನೆಲದಲ್ಲಿ ಹೂತ ಪೈಪಿಗೆ ವಿದ್ಯುತ್ತಿನ ರಕ್ಷಣೆ ಕೆಲಸ ಮಾಡುತ್ತದೆ, ಏಕೆಂದರೆ ಅವು ಸದಾ ನೀರಿನಲ್ಲೋ ಹಸಿಮಣ್ಣಿನಲ್ಲೋ ಇರುತ್ತವೆ, ಸರ್ಕ್ಯೂಟ್ ಪೂರ್ತಿಯಾಗುತ್ತದೆ. ಗಾಳಿಯಲ್ಲಿ ಓಡುವ ಕಾರಿಗೆ ಆ ಸರ್ಕ್ಯೂಟೇ ಇಲ್ಲ. ದುಡ್ಡು ದಂಡ.

ಜಲ್ಲಿ ಸಿಡಿದು ಬಾನೆಟ್ ಮೇಲೆ ಚುಕ್ಕಿ ಚುಕ್ಕಿ ಪೇಂಟ್ ಹೋಗಿದೆ.

ಎಂ-ಸ್ಯಾಂಡ್, ಜಲ್ಲಿ ಲಾರಿಗಳ ಹಿಂದೆ ಅಂಟಿಕೊಂಡು ಹೋಗದಿರುವುದೇ ಮೊದಲ ಉಪಾಯ. ಆಗಿಹೋಗಿದ್ದರೆ ಮಳೆಗೆ ಮೊದಲು ಮುಚ್ಚಿ. ಬಣ್ಣದ ಕೋಡ್ ಬಾನೆಟ್ ಕೆಳಗಿನ ಫಲಕದಲ್ಲೋ ಬಾಗಿಲ ಕಂಬದ ಸ್ಟಿಕ್ಕರಿನಲ್ಲೋ ಇರುತ್ತದೆ. "ಬಿಳಿ" ಅಂತ ಕೇಳಿದರೆ ಅಂಗಡಿಯವರು ಯಾವುದೋ ಬಿಳಿ ಕೊಡುತ್ತಾರೆ. ಚುಕ್ಕಿಯನ್ನು ತೊಳೆದು, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಕಡ್ಡಿಯ ತುದಿಯಲ್ಲಿ ಪ್ರೈಮರ್, ಒಣಗಿದ ಮೇಲೆ ಬಣ್ಣ ಎರಡು ತೆಳು ಕೈ, ಕೊನೆಗೆ ಕ್ಲಿಯರ್ (ಬಣ್ಣವಿಲ್ಲದ ಹೊಳಪಿನ ಪದರ). ಒಂದೇ ಸಲ ದಪ್ಪಕ್ಕೆ ತುಂಬಿದರೆ ಒಳಗೆ ಒಣಗದೆ ಕುಗ್ಗುತ್ತದೆ.

ಪೇಂಟ್ ಉಬ್ಬಿ ಗುಳ್ಳೆ ಬಂದಿದೆ. ಮನೆಯಲ್ಲೇ ಸರಿ ಮಾಡಬಹುದಾ?

ಮೊದಲು ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿ. ತಗಡಿನ ಗಟ್ಟಿ ಸದ್ದು ಬಂದರೆ ತುಕ್ಕು ಮೇಲ್ಮೈಯದು, ನಿಮ್ಮ ಕೈಲಾಗುತ್ತದೆ. ಮೆತ್ತಗೆ ಒಳಗೆ ಹೋದರೆ ತುಕ್ಕು ಒಳಗಿನಿಂದ ಬಂದಿದೆ, ಟಿಂಕರಿಂಗ್ ಷೆಡ್ಡಿಗೇ ಹೋಗಬೇಕು.

ಮೇಲ್ಮೈ ತುಕ್ಕಿಗೆ: ಗುಳ್ಳೆಯ ಸುತ್ತ ಎರಡು ಬೆರಳು ಅಗಲ ಬಿಟ್ಟು ಟೇಪ್ ಹಚ್ಚಿ, 80 ನಂಬರಿನ ಉಪ್ಪುಕಾಗದದಲ್ಲಿ ಉಜ್ಜಿ. ಹೊಳೆಯುವ ಲೋಹ ಕಾಣುವವರೆಗೆ ಉಜ್ಜಬೇಕು; ಗುಳ್ಳೆಗಿಂತ ತುಕ್ಕು ಯಾವಾಗಲೂ ಅಗಲವಾಗಿ ಹರಡಿರುತ್ತದೆ, ಹೆದರಿ ನಿಲ್ಲಿಸಬೇಡಿ. ಆಮೇಲೆ 320ರಲ್ಲಿ ಪೇಂಟಿನ ಅಂಚನ್ನು ಇಳಿಜಾರು ಮಾಡಿ. ಗುಳಿಗಳಲ್ಲಿ ಕಪ್ಪು ಚುಕ್ಕೆ ಉಳಿದರೆ ಅಲ್ಲಿಗೆ ಮಾತ್ರ ರಸ್ಟ್ ಕನ್ವರ್ಟರ್ ಹಚ್ಚಿ. ಟ್ಯಾನಿಕ್ ಆಮ್ಲದ್ದಾದರೆ ತುಕ್ಕು ಕರಿ ಪದರವಾಗಿ ಗಟ್ಟಿಯಾಗುತ್ತದೆ. ಫಾಸ್ಫಾರಿಕ್ ಆಮ್ಲದ್ದಾದರೆ ಉಳಿಕೆಯನ್ನು ಡಬ್ಬಿಯ ಮೇಲೆ ಹೇಳಿದಂತೆ ತೆಗೆದು ಪೂರ್ತಿ ಒಣಗಿಸಬೇಕು, ಆಮ್ಲ ಉಳಿದರೆ ಮೇಲಿನ ಎಪಾಕ್ಸಿ ಪ್ರೈಮರ್ ಹಿಡಿಯುವುದಿಲ್ಲ. ಬಳಿಕ ಎಪಾಕ್ಸಿ ಪ್ರೈಮರ್ ಎರಡು ಕೈ. ಕಿಟಕಿ ಸರಳಿಗೆ ಬಳಿಯುವ ರೆಡ್ ಆಕ್ಸೈಡ್ ಇಲ್ಲಿ ಬೇಡ, ಅದು ತೇವ ತಡೆಯುವುದಿಲ್ಲ.

ಪಟ್ಟಿ (ಗುಳಿ ತುಂಬುವ ಪುಟ್ಟಿ) ಬೇಕಾದರೆ ಎಪಾಕ್ಸಿಯ ಮೇಲೆ, ಎಂದಿಗೂ ಬರಿ ತಗಡಿನ ಮೇಲಲ್ಲ. ಒಣಗಿದ ಪಟ್ಟಿ ನೀರು ಹೀರುತ್ತದೆ. ತುಕ್ಕಿನ ಮೇಲೇ ಪಟ್ಟಿ ಮೆತ್ತಿ ಬಣ್ಣ ಹೊಡೆದು ಕೊಟ್ಟ ಕೆಲಸ ಮುಂದಿನ ಮಳೆಗಾಲ ಕಳೆಯುವಷ್ಟರಲ್ಲಿ ಮತ್ತೆ ಉಬ್ಬುವುದು ಇದರಿಂದಲೇ. ಆಮೇಲೆ ಬಣ್ಣ, ಕ್ಲಿಯರ್. ಹಾರ್ಡನರ್ ಬೆರೆಸುವ ಕ್ಲಿಯರ್‌ನ ಹಬೆ ಪುಪ್ಪುಸಕ್ಕೆ ಅಪಾಯ. ಬಟ್ಟೆ ಕಟ್ಟಿಕೊಂಡರೆ ಸಾಲದು, ಕಾರ್ಬನ್ ಫಿಲ್ಟರಿನ ಮಾಸ್ಕ್ ಬೇಕು. ಪಾಲಿಶ್, ವ್ಯಾಕ್ಸ್ ಒಂದು ತಿಂಗಳ ಮೇಲೆ.

ತೂತು ಬಿದ್ದಿದ್ದರೆ ಎಂ-ಸೀಲ್, ಫೈಬರ್ ಮೆತ್ತುವುದು ಮೋಸವೇ ಸರಿ. ರನ್ನಿಂಗ್ ಬೋರ್ಡ್ ಕಾರಿನ ಗಟ್ಟಿತನಕ್ಕೆ ಆಧಾರ, ಪಕ್ಕದಿಂದ ಏಟು ಬಿದ್ದರೆ ಒಳಗಿನವರನ್ನು ಕಾಯುವ ಭಾಗ. ಕೊಳೆತ ತಗಡನ್ನು ಕತ್ತರಿಸಿ ತೆಗೆದು, ಮೂಲದಷ್ಟೇ ದಪ್ಪದ ತಗಡನ್ನು ವೆಲ್ಡ್ ಮಾಡಬೇಕು. ಷೆಡ್ಡಿನಲ್ಲಿ ಎರಡು ವಿಷಯ ನೆನಪಿಸಿ: ವೆಲ್ಡಿಂಗ್ ಮೊದಲು ಬ್ಯಾಟರಿ ಕೇಬಲ್ ಕಳಚಬೇಕು, ಮುಗಿದ ಮೇಲೆ ಒಳಗಡೆ ಕ್ಯಾವಿಟಿ ವ್ಯಾಕ್ಸ್ ಹೊಡೆಯಬೇಕು, ಏಕೆಂದರೆ ವೆಲ್ಡಿಂಗ್ ಶಾಖಕ್ಕೆ ಹಿಂಬದಿಯ ಪೇಂಟ್ ಸುಟ್ಟಿರುತ್ತದೆ. ಹೊರಗೆ ಎಷ್ಟೇ ಚೆನ್ನಾಗಿ ಬಳಿದರೂ ಮುಂದಿನ ತುಕ್ಕು ಅಲ್ಲಿಂದಲೇ.

ಆಯುಧಪೂಜೆಯಿಂದ ಪೇಂಟಿಗೆ ಏನಾದರೂ ಆಗುತ್ತದಾ?

ಪೂಜೆಯಿಂದ ಏನೂ ಇಲ್ಲ, ವಾರಗಟ್ಟಲೆ ಹಾಗೇ ಬಿಡುವುದರಿಂದ ಆಗುತ್ತದೆ. ಬಾಳೆಕಂದು ಬಿಗಿಯಲು ಬೈಂಡಿಂಗ್ ವೈರ್ ಬದಲು ಬಾಳೆನಾರು, ಹತ್ತಿ ದಾರ ಬಳಸಿ. ವೈರ್ ತುದಿ ಬಂಪರ್, ಬಾನೆಟ್ ಅಂಚನ್ನು ಲೋಹದವರೆಗೂ ಗೀರುತ್ತದೆ. ಅರಿಶಿನ–ಸುಣ್ಣದ ನೀರು ಪೇಂಟಿನ ಮೇಲೆ ಒಣಗಬಾರದು, ಸುಣ್ಣ ಕ್ಷಾರ. ನಿಂಬೆರಸ ಆಮ್ಲ. ಕುಂಕುಮ, ಗಂಧವನ್ನು ಗಾಜಿಗೋ ನಂಬರ್ ಪ್ಲೇಟಿನ ಬದಿಗೋ ಇಟ್ಟರೆ ಒಳ್ಳೆಯದು. ವಿಜಯದಶಮಿ ಮುಗಿದ ಮಾರನೇ ದಿನ ಸಾಕಷ್ಟು ನೀರು ಹಾಕಿ, ಕಾರ್ ಶಾಂಪೂವಿನಲ್ಲಿ ತೊಳೆಯಿರಿ. ಪಾತ್ರೆ ತೊಳೆಯುವ ಸೋಪು ವ್ಯಾಕ್ಸನ್ನೂ ಎತ್ತಿಕೊಂಡು ಹೋಗುತ್ತದೆ.

ಕಾರು ತಿಂಗಳುಗಟ್ಟಲೆ ನಿಂತೇ ಇರುತ್ತದೆ. ಕವರ್ ಹಾಕಿದರೆ ಸಾಕಾ?

ಗಾಳಿಯಾಡದ ಪ್ಲಾಸ್ಟಿಕ್ ಕವರ್ ಹಾಕಬೇಡಿ, ಕೆಳಗಿನ ನೆಲದ ತೇವ ಆವಿಯಾಗಿ ಒಳಗೇ ನಿಲ್ಲುತ್ತದೆ. ಹುಲ್ಲಿನ ಮೇಲೆ, ಬರಿ ಮಣ್ಣಿನ ಮೇಲೆ ನಿಲ್ಲಿಸುವುದೂ ಸರಿಯಲ್ಲ. ಹ್ಯಾಂಡ್‌ಬ್ರೇಕ್ ಎಳೆದಿಡಬೇಡಿ, ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಇಲ್ಲದಿದ್ದರೆ ಬ್ರೇಕ್ ಷೂ ಡ್ರಮ್ಮಿಗೆ ಅಂಟುತ್ತದೆ. ಡಿಸ್ಕಿನ ಮೇಲೆ ರಾತ್ರಿ ಬೆಳಗಾಗುವುದರೊಳಗೆ ಕಾಣುವ ಕೇಸರಿ ಬಣ್ಣ ಮಾಮೂಲು, ನಾಲ್ಕು ಬ್ರೇಕಿಗೆ ಹೋಗುತ್ತದೆ.

ದಿನಾ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವ ಅಭ್ಯಾಸ ಸೈಲೆನ್ಸರಿಗೆ ಶತ್ರು. 1 ಲೀಟರ್ ಪೆಟ್ರೋಲ್ ಉರಿದರೆ ಹತ್ತಿರಹತ್ತಿರ 1 ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ಸೈಲೆನ್ಸರ್ ಕಾಯದಿದ್ದರೆ ಆ ಆವಿ ಒಳಗೇ ನೀರಾಗಿ ಕೂರುತ್ತದೆ. ವಾರಕ್ಕೊಮ್ಮೆ ಇಪ್ಪತ್ತು ನಿಮಿಷ ಓಡಿಸಿ, ಇಲ್ಲವೇ ಸುಮ್ಮನೆ ಬಿಡಿ.

ಬ್ಯಾಟರಿ ಟರ್ಮಿನಲ್ ಮೇಲೆ ಬಿಳಿ–ನೀಲಿ ಪುಡಿ ಕಂಡರೆ, ಕೇಬಲ್ ಬಿಚ್ಚಿ, ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಬೆರೆಸಿ ತೊಳೆದು, ಒಣಗಿಸಿ, ಪೆಟ್ರೋಲಿಯಂ ಜೆಲ್ಲಿ ಸವರಿ. ಕೆಳಗಿನ ತಟ್ಟೆಯನ್ನೂ ತೊಳೆಯಿರಿ, ಆಮ್ಲ ತೊಟ್ಟಿಕ್ಕುವುದು ಅಲ್ಲಿಗೇ.

ಇನ್ಶೂರೆನ್ಸ್ ಕೊಡುತ್ತದಾ?

ಇಲ್ಲ. ತುಕ್ಕನ್ನು ಸವೆತದ ಲೆಕ್ಕಕ್ಕೆ ಸೇರಿಸುತ್ತಾರೆ, ಬಂಪರ್ ಟು ಬಂಪರ್ ಇದ್ದರೂ ಅಷ್ಟೇ.

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವಾಗ ತುಕ್ಕು ಹೇಗೆ ಪತ್ತೆ ಮಾಡುವುದು?

ಕೆಎ-09, ಕೆಎ-55, ಕೆಎ-11 ನಂಬರ್ ಕಂಡು ಸಮಾಧಾನ ಪಟ್ಟುಕೊಳ್ಳಬೇಡಿ, ಗಾಡಿ ಎಲ್ಲಿ ಓಡಿದೆ ಎಂಬುದು ಮುಖ್ಯ. ಕೆಎ-19, ಕೆಎ-20, ಕೆಎ-30 ಆದರೆ ಕರಾವಳಿಯಲ್ಲಿ ನೋಂದಣಿಯಾದದ್ದು, ಲಿಫ್ಟಿಗೆ ಏರಿಸದೆ ಮಾತಾಡಬೇಡಿ. ತಳಕ್ಕೆ ಹೊಚ್ಚ ಹೊಸ ಕರಿ ಕೋಟಿಂಗ್ ಇದ್ದರೆ ಅನುಮಾನ ಹೆಚ್ಚಬೇಕು. ರನ್ನಿಂಗ್ ಬೋರ್ಡ್, ಜ್ಯಾಕ್ ಜಾಗ ತಟ್ಟಿ ನೋಡಿ. ಸಣ್ಣ ಆಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಚಕ್ರದ ಕಮಾನು, ಬಾಗಿಲ ಕೆಳಭಾಗದಲ್ಲಿ ಆಡಿಸಿ. ಹಿಡಿಯದ ಕಡೆ ಪಟ್ಟಿ ಇದೆ.

ನೆರೆಯಲ್ಲಿ ಮುಳುಗಿದ ಕಾರುಗಳೂ ತೊಳೆದು ಒರೆಸಿ ಮಾರಾಟಕ್ಕೆ ಬರುತ್ತವೆ; 2015ರಲ್ಲಿ, 2023ರಲ್ಲಿ ಚೆನ್ನೈ, 2022ರಲ್ಲಿ ಬೆಂಗಳೂರು ಮುಳುಗಿದ್ದು ನೆನಪಿರಲಿ. ಸೀಟ್‌ಬೆಲ್ಟನ್ನು ಕೊನೆಯವರೆಗೆ ಎಳೆದರೆ ಒಳತುದಿಯಲ್ಲಿ ಕೆಸರಿನ ಗೆರೆ ಸಿಗಬಹುದು. ಸೀಟಿನ ರೈಲು, ಡ್ಯಾಷ್‌ಬೋರ್ಡ್ ಅಡಿಯ ಬೋಲ್ಟುಗಳಿಗೆ ತುಕ್ಕು ಹಿಡಿದಿದ್ದರೆ ನೀರು ಅಲ್ಲಿಯವರೆಗೂ ಬಂದಿತ್ತೆಂದು ತಿಳಿಯಿರಿ. 15 ವರ್ಷ ಸಮೀಪಿಸಿದ ಗಾಡಿಯಾದರೆ ಮುಂದಿನ 5 ವರ್ಷದ ನವೀಕರಣಕ್ಕೆ ಫಿಟ್ನೆಸ್ ತೋರಿಸಬೇಕು, ತೂತುಬಿದ್ದ ತಳ ಅಲ್ಲಿ ತೊಡಕಾಗುತ್ತದೆ.

ಮಗ ಕೆನಡಾದಲ್ಲಿದ್ದಾನೆ, ಮೊದಲ ಚಳಿಗಾಲ. ಅಲ್ಲಿ ಕಾರಿಗೆ ಏನು ಮಾಡಬೇಕು?

ಅಲ್ಲಿಯ ಲೆಕ್ಕವೇ ಬೇರೆ. ರಸ್ತೆಯ ಮಂಜು ಕರಗಲು ಸಾಮಾನ್ಯ ಉಪ್ಪು ಸುರಿಯುತ್ತಾರೆ. ಮೈನಸ್ 9 ಡಿಗ್ರಿ ಆಸುಪಾಸಿಗಿಂತ ಕೆಳಗೆ ಅದರ ಕೆಲಸ ಮಂದವಾಗುವುದರಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ ಕ್ಲೋರೈಡ್ ಬೆರೆಸುತ್ತಾರೆ. ಇವು ಒಣ ಗಾಳಿಯಿಂದಲೂ ತೇವ ಎಳೆದುಕೊಂಡು ಕಾರಿನ ತಳದಲ್ಲಿ ಹಸಿಯಾಗೇ ಕೂರುತ್ತವೆ. ಉಪ್ಪು ಬೀಳುವ ಮೊದಲು, ಅಂದರೆ ಶರತ್ಕಾಲದಲ್ಲೇ, ಮೆದು ಎಣ್ಣೆ ಅಥವಾ ವ್ಯಾಕ್ಸ್ ಮಾದರಿಯ ತುಕ್ಕುನಿರೋಧಕ ಸ್ಪ್ರೇ ಮಾಡಿಸಲಿ, ಪ್ರತಿ ವರ್ಷ. ಚಳಿಗಾಲ ಪೂರ್ತಿ ಹತ್ತು–ಹದಿನೈದು ದಿನಕ್ಕೊಮ್ಮೆ, ಉಷ್ಣಾಂಶ ಸೊನ್ನೆಯಿಂದ ಮೇಲಿರುವ ದಿನ ನೋಡಿ, ತಳ ತೊಳೆಯುವ ಸೌಲಭ್ಯವಿರುವಲ್ಲಿ ತೊಳೆಸಲಿ. ಬಾಗಿಲ ರಬ್ಬರ್ ಒರೆಸಿಕೊಳ್ಳದಿದ್ದರೆ ರಾತ್ರಿ ಹೆಪ್ಪುಗಟ್ಟಿ ಬಾಗಿಲು ತೆರೆಯುವುದಿಲ್ಲ. ಉಪ್ಪು ಮೆತ್ತಿದ ಕಾರನ್ನು ಬೆಚ್ಚಗಿನ ಗ್ಯಾರೇಜಿನಲ್ಲಿ ನಿಲ್ಲಿಸಿದರೆ ಹೊರಗಿನ ಕೊರೆಯುವ ಚಳಿಯಲ್ಲಿ ಇಟ್ಟದ್ದಕ್ಕಿಂತ ಬೇಗ ತುಕ್ಕು ಹಿಡಿಯುತ್ತದೆ, ಆದ್ದರಿಂದ ತೊಳೆದು ಒಳಗೆ ತರಲಿ. ವಸಂತದಲ್ಲಿ ಮಂಜು ಪೂರ್ತಿ ಕರಗಿದ ಮೇಲೆ ಕೊನೆಯದಾಗಿ ಒಮ್ಮೆ ತಳ, ಬಾಗಿಲ ತೂತು, ಕಾಲ್ಕೆಳಗಿನ ಕಾರ್ಪೆಟ್ ಮೂರನ್ನೂ ತೊಳೆಯಬೇಕು. ಬೂಟಿನಲ್ಲಿ ಬಂದ ಉಪ್ಪು ಆ ಕಾರ್ಪೆಟ್ಟಿನಲ್ಲೇ ಇರುತ್ತದೆ.